ಪೈಪಿನ ಸಾಹುಕಾರರ ಈಜು

ಹೋದ ವಾರ ಸಿಂಧನೂರಿನಿಂದ ಸಾಹುಕಾರರ ಅಳಿಯನ ಫೋನ್ ಬಂತು. ಮಾವನವರು ಅಂಗಡಿಯನ್ನು ತನ್ನ ಕೈಗೆ ಒಪ್ಪಿಸಿ ಗಲ್ಲಾ ಬಿಟ್ಟು ಏಳುತ್ತಿದ್ದಾರೆ, ಅಂಗಡಿಯ ಎದುರಿಗೇ ಶಾಮಿಯಾನ ಹಾಕಿ ಸಣ್ಣದೊಂದು ಸನ್ಮಾನ ಇಟ್ಟುಕೊಂಡಿದ್ದೇವೆ, ನೀವು ಲಿಂಗಸೂಗೂರಿನಿಂದ ಬಂದು ಎರಡು ಮಾತಾಡಬೇಕು ಎಂದ.

"ಮಾವಾರ ಓಟ, ಸೈಕಲ್ಲು, ಈಜು, ಎಲ್ಲಾ ನಿಮಗ ಗೊತ್ತೈತಲ್ರಿ ಸರ. ಬ್ಯಾರೆ ಯಾರು ಹೇಳ್ತಾರ?"

ಹೋದೆ. ಅವರಿಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮೈಕು ನನ್ನ ಕೈಗೆ ಬಂತು. ಓಟದ ಬಗ್ಗೆ ಹೇಳಿದೆ, ಸೈಕಲ್ಲಿನ ಬಗ್ಗೆ ಹೇಳಿದೆ. ಜನ ನಕ್ಕರು, ಚಪ್ಪಾಳೆ ಹೊಡೆದರು. ಈಜಿನ ಹತ್ತಿರ ಬಂದಾಗ ಮಾತು ನಿಂತುಹೋಯಿತು. ಸಾಹುಕಾರರು ನನ್ನ ಕಡೆ ನೋಡದೆ, ಕೊರಳಿಗೆ ಹಾಕಿದ್ದ ಹಾರದ ಎಸಳುಗಳನ್ನು ಒಂದೊಂದೇ ಕೀಳುತ್ತ ಕೂತಿದ್ದರು. "ಅವರು ಆರೋಗ್ಯವಾಗಿರಲಿ" ಎಂದು ಕೈಮುಗಿದು ಇಳಿದುಬಿಟ್ಟೆ. ಬಸ್ಸಿನಲ್ಲಿ ವಾಪಸು ಬರುವಾಗ, ಮಸ್ಕಿ ದಾಟುವವರೆಗೂ ಕಿಟಕಿಯಾಚೆ ಕಾಲುವೆ ನೀರಿನ ಗದ್ದೆಗಳು ಕಂಡಾಗಲೆಲ್ಲ ಮುಖ ಈಚೆ ತಿರುಗಿಸಿಕೊಳ್ಳುತ್ತಿದ್ದೆ. ಆಮೇಲೆ ಒಣನೆಲ ಬಂತು, ತೊಗರಿ ಹೊಲ ಬಂತು, ಸ್ವಲ್ಪ ಸಮಾಧಾನವಾಯಿತು. ಅಲ್ಲಿ ಹೇಳಲಾಗದ್ದನ್ನು ಬರೆದಾದರೂ ನೋಡೋಣವೆಂದು ಕೂತಿದ್ದೇನೆ.

ಆಗ ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಬೀದಿಯ ಕಡೆಗೆ ಅಂಗಡಿ, ಹಿಂದೆ ಅವರ ಮನೆ. ಅಂಗಡಿ ತುಂಬ ಕರಿ ಪೈಪಿನ ಸುರುಳಿಗಳು, ನೀರೆತ್ತುವ ಮೋಟರುಗಳು, ವಾಲ್ವುಗಳು, ವಾಷರುಗಳು. ಅವರಿಗೊಂದು ಹೆಸರಿದೆ, ಆದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಅವರು ಪೈಪಿನ ಸಾಹುಕಾರರು. ಇಲ್ಲೂ ಅಷ್ಟೇ ಸಾಕು.

ಗಿಡ್ಡ ಮೈಕಟ್ಟು, ಅಗಲ ಹಣೆ, ಅದರ ತುಂಬ ವಿಭೂತಿ. ಏನಾದರೂ ತೀರ್ಮಾನ ಮಾಡಬೇಕಾದರೆ ಕನ್ನಡಕ ತೆಗೆದು ಬಾಯಿಯ ಹಬೆ ಊದುತ್ತಿದ್ದರು, ಒರೆಸದೇ ಹಾಗೇ ಹಾಕಿಕೊಳ್ಳುತ್ತಿದ್ದರು. ಮಂಜು ತಾನಾಗಿ ಆರುವವರೆಗೆ ಎದುರಿಗಿದ್ದ ಗಿರಾಕಿ ಕಾಯಬೇಕು. "ಕಣ್ಣು ಕಾಣದಾಗ ವಿಚಾರ ಚಲೋ ಹೊಳೀತಾವ್ರಿ" ಎನ್ನುತ್ತಿದ್ದರು.

ಅರವತ್ತು ಹತ್ತಿರವಾಗುವ ಹೊತ್ತಿಗೆ ಅವರಿಗೆ ಈ ಹುಚ್ಚು ಹತ್ತಿದ್ದು ಒಂದು ಮಧ್ಯಾಹ್ನ. ಗಾದಿಯ ಮೇಲಿಂದ ಊಟಕ್ಕೆ ಏಳಲು ಹೋದವರಿಗೆ ಏಳಲಾಗಲಿಲ್ಲ. ರೋಗವೇನೂ ಇರಲಿಲ್ಲ. ಕಾಲು ಮಾತು ಕೇಳಲಿಲ್ಲ ಅಷ್ಟೇ. ಪೈಪು ಇಳಿಸುತ್ತಿದ್ದ ಹಮಾಲರಿಬ್ಬರು ಬಂದು ಕಂಕುಳಿಗೆ ಕೈಹಾಕಿ ಎಬ್ಬಿಸಿದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು.

"ಕೂತು ಕೂತು ನನ್ನ ಕಾಲು ಯಾರದೋ ಆಗ್ಯಾವ್ರಿ ಮಾಸ್ತರ," ಎಂದು ಅವತ್ತು ಸಂಜೆ ನನಗೆ ಹೇಳಿದರು. "ನನ್ನವು ನನಗ ವಾಪಸ್ ಬೇಕು."

ಮೊದಲು ನಡಿಗೆ, ಆಮೇಲೆ ಓಟ. ಬೆಳಗಿನ ನಡಿಗೆಯವರಲ್ಲಿ ಒಬ್ಬ ಡಾಕ್ಟರು ಇದ್ದರು. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದು ಮಾಡುವ ದೂರದ ಸ್ಪರ್ಧೆ ಕರಾವಳಿಯ ಕಡೆ ನಡೆಯುತ್ತದೆ, ಅದಕ್ಕೆ ಟ್ರಯಾಥ್ಲಾನ್ ಅನ್ನುತ್ತಾರೆ, ವಯಸ್ಸಾದವರೂ ಬರುತ್ತಾರೆ ಎಂದು ಅವರು ತಮಾಷೆಗೆ ಹೇಳಿದ್ದು ಸಾಹುಕಾರರ ತಲೆಯಲ್ಲಿ ಕೂತುಬಿಟ್ಟಿತು.

"ಮೂರೂ ಒಂದ ದಿನದಾಗ ಏನ್ರಿ?"

"ಒಂದೇ ದಿನ."

"ನಡುವ ಊಟ?"

"ಇಲ್ರಿ ಸಾವಕಾರ್ರ."

ಕನ್ನಡಕ ತೆಗೆದು ಊದಿದರು. ಊಟವಿಲ್ಲ ಎಂಬುದನ್ನು ಅರಗಿಸಿಕೊಳ್ಳಲು ಅವರಿಗೆ ಬಹಳ ದಿನ ಹಿಡಿಯಿತು. ಕೊನೆಗೆ ಸೈಕಲ್ಲಿನ ಹಿಡಿಕೆಗೆ ಸಣ್ಣ ಚೀಲ ಕಟ್ಟಿ ಅದರಲ್ಲಿ ಶೇಂಗಾ ಹೋಳಿಗೆ ಇಟ್ಟುಕೊಳ್ಳುವುದೆಂದು ತೀರ್ಮಾನವಾಯಿತು.

ಸೈಕಲ್ ಅಭ್ಯಾಸದ ಕಥೆ ಸನ್ಮಾನದ ದಿನವೂ ಹೇಳಿದೆ, ಎಲ್ಲರಿಗಿಂತ ಹೆಚ್ಚು ಅವರ ಬೀಗರೇ ನಕ್ಕರು. ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸೂಗೂರು ಮುಟ್ಟಿ ವಾಪಸು ಬರುವುದು ಅವರ ಭಾನುವಾರದ ದಾರಿ. ತೊಡೆಗೆ ಅಂಟಿದ ಕರಿ ಚಡ್ಡಿ, ತಲೆಗೆ ಹೆಲ್ಮೆಟ್. ಆದರೆ ಮಗಳನ್ನು ಕೊಟ್ಟದ್ದು ಮಸ್ಕಿಗೆ. ಊರು ಕಾಣಿಸುತ್ತಲೇ ಸಾಹುಕಾರರು ಸೈಕಲ್ ಇಳಿಯುತ್ತಿದ್ದರು. ಬೆನ್ನ ಚೀಲದಿಂದ ಲುಂಗಿ ತೆಗೆದು ಉಟ್ಟು, ಹೆಲ್ಮೆಟ್ ತೆಗೆದು ಹಿಡಿಕೆಗೆ ಸಿಕ್ಕಿಸಿ, ಊರು ಮುಗಿಯುವವರೆಗೆ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದರು. ಕೊನೆಯ ಮನೆ ದಾಟಿದ ಮೇಲೆ ಲುಂಗಿ ಮತ್ತೆ ಚೀಲಕ್ಕೆ.

"ಸ್ಪರ್ಧೆದಾಗ ಹಿಂಗ ಮಾಡಿದ್ರ ಕಡೀಗೆ ಬರ್ತೀರಿ" ಎಂದೆ ಒಮ್ಮೆ.

"ಸ್ಪರ್ಧೆ ನಡ್ಯೂ ಊರಾಗ ನನ್ನ ಬೀಗರು ಇಲ್ರಿ. ಇಲ್ಲಿ ತೊಡಿ ತೋರಿಸ್ಕೊಂಡು ಹೋದ್ರ ನಾಳೆ ನನ್ನ ಮಗಳು ಮಾತು ಕೇಳಬೇಕಾಗತೈತಿ."

ನಡೆದುಕೊಂಡು ಹೋಗುವವರನ್ನು ಬೀಗರು ಬಿಡುತ್ತಾರೆಯೇ? "ಬರ್ರಿ ಬೀಗರ, ಬಾಗಿಲತನಕ ಬಂದು ಹಂಗ ಹೋಗ್ತೀರೇನು?" ಎಂದು ಒಳಗೆ ಕರೆಯುತ್ತಿದ್ದರು. ಕರೆದಮೇಲೆ ಉಣ್ಣದೇ ಏಳುವಂತಿಲ್ಲ. ಹೊಟ್ಟೆ ತುಂಬ ಹೋಳಿಗೆ, ತುಪ್ಪ ಇಳಿಸಿಕೊಂಡು ಲಿಂಗಸೂಗೂರಿನ ಏರಿನಲ್ಲಿ ಏದುಸಿರು ಬಿಡುತ್ತ ಪೆಡಲ್ ತುಳಿಯುತ್ತಿದ್ದರು. ಎದುರಿಗೆ ಬರುವ ಲಾರಿಯವರಿಗೆಲ್ಲ ಅವರ ಗುರುತು. ಹಾರ್ನ್ ಬಾರಿಸಿ ಕೈ ಬೀಸಿ ಹೋಗುತ್ತಿದ್ದರು.

ಇವೆಲ್ಲ ನಗುವ ಸಂಗತಿಗಳು. ನೀರು ಹಾಗಲ್ಲ.

ಈಜುಕೊಳ ಹುಡುಕಿಕೊಂಡು ದಿನಾ ಎಲ್ಲಿಗೆ ಹೋಗುವುದು? ಅವರಿಗೆ ಬರುತ್ತಿದ್ದದ್ದು ಚಿಕ್ಕಂದಿನಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಕಲಿತ ಈಜು, ಇದ್ದದ್ದು ಕಾಲುವೆ. ತುರ್ವಿಹಾಳದ ಕಡೆ ಒಂದು ಸೇತುವೆಯ ಪಕ್ಕ ಬಟ್ಟೆ ಒಗೆಯುವ ಮೆಟ್ಟಿಲುಗಳಿವೆ. ಬೆಳಿಗ್ಗೆ ನನ್ನ ಬೈಕಿನ ಹಿಂದೆ ಕೂತು ಅಲ್ಲಿಗೆ ಬರುತ್ತಿದ್ದರು. ಇಷ್ಟಲಿಂಗವನ್ನು ಕೊರಳಿಂದ ತೆಗೆದು ಬಿಳಿ ಬಟ್ಟೆಯಲ್ಲಿ ತೋಳಿಗೆ ಬಿಗಿಯಾಗಿ ಕಟ್ಟಿಕೊಂಡು, ಕೆಂಪು ರಬ್ಬರ್ ಟೊಪ್ಪಿಗೆ ಹಾಕಿಕೊಂಡು ಇಳಿಯುತ್ತಿದ್ದರು. ಹರಿವಿನ ಜೊತೆ ಈಜುವುದು ಅವರಿಗೆ ಒಪ್ಪಿಗೆಯಿಲ್ಲ. "ಅದು ಈಜಲ್ರಿ, ಬಸ್ಸಿನ್ಯಾಗ ಕುಂತಂಗ" ಎನ್ನುವರು. ಹರಿವಿಗೆ ಎದುರಾಗಿ ಈಜಬೇಕು, ನಡುವೆ ಸೆಳೆತ ಜೋರು, ಆದ್ದರಿಂದ ದಂಡೆಗೆ ಹತ್ತಿ ಈಜುತ್ತಿದ್ದರು.

ನಾನು ಒಣನೆಲದ ಲಿಂಗಸೂಗೂರಿನವ, ಈಜು ಬಾರದು. ಅವರ ಟವೆಲ್ಲು, ಚಪ್ಪಲಿ ಹಿಡಿದುಕೊಂಡು ಏರಿಯ ಮೇಲೆ ಅವರಿಗೆ ಸರಿಯಾಗಿ ನಡೆಯುವುದು ನನ್ನ ಕೆಲಸ. ಸೇತುವೆ ಬಂತು, ಮುಳ್ಳುಕಂಟಿ ಬಂತು ಎಂದು ತಿಳಿಸಲು ಒಂದು ಸೀಟಿ. ಅಲ್ಲಿಂದಲೇ ನೆಟ್ಟಗೆ ಕಾಲೇಜಿಗೆ ಹೋಗಬೇಕಿದ್ದುದರಿಂದ ಇಸ್ತ್ರಿ ಅಂಗಿ, ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ ಇರುತ್ತಿತ್ತು.

ಕೂಲಿಗೆ ಹೋಗುವ ಹೆಣ್ಣುಮಕ್ಕಳು ಏರಿಯ ಮೇಲೆ ಎದುರಾಗುತ್ತಿದ್ದರು.

"ಸಾವಕಾರ್ರ, ಮೀನ ಸಿಕ್ತೇನ್ರಿ?"

"ಸಿಕ್ಕಿತ್ತಬೇ. ನಿಮ್ಮತ್ತಿ ಬೈದಂಗ ಬೈತು, ಬಿಟ್ಟುಬಿಟ್ಟೆ."

ಅವರ ನಗು ಗದ್ದೆಯ ಆಚೆ ದಂಡೆಯವರೆಗೆ ಕೇಳುತ್ತಿತ್ತು.

ದಂಡೆಯ ಉದ್ದಕ್ಕೂ ಕರಿ ಪೈಪುಗಳು ನೀರಿಗಿಳಿದಿರುತ್ತಿದ್ದವು. ಕಾಲುವೆಗೆ ಹೀಗೆ ನೇರ ಮೋಟರು ಹಚ್ಚಿ ನೀರೆತ್ತುವುದು ಕಾನೂನಿಗೆ ವಿರುದ್ಧ. ಆದರೂ ಎತ್ತುತ್ತಾರೆ, ಎತ್ತುವ ಪೈಪು ಬಹುಪಾಲು ಸಾಹುಕಾರರ ಅಂಗಡಿಯದೇ. ಅವರು ಈಜುತ್ತ ಈಜುತ್ತ ಪ್ರತಿ ಪೈಪಿನ ಹತ್ತಿರ ಬಂದಾಗ ಅರ್ಧ ಸುತ್ತು ಹಾಕಿ ದಾಟುತ್ತಿದ್ದರು, ತಲೆ ಎತ್ತಿ ನನಗೆ ಹೇಳುತ್ತಿದ್ದರು: "ಇದು ನಮ್ದು." "ಇದು ಬ್ಯಾರೆ ಅಂಗಡೀದು, ನೋಡ್ರಿ, ಈಗಾಗಲೇ ಸೊಟ್ಟಾಗೈತಿ."

ಒಂದು ವಾರ ಕಾಲುವೆಯ ಕೊನೆಭಾಗದ ರೈತರು ತಮಗೆ ನೀರೇ ಮುಟ್ಟುತ್ತಿಲ್ಲವೆಂದು ರಸ್ತೆ ತಡೆದು ಕೂತಿದ್ದರು. ಮೇಲಿನ ಭಾಗದ ಪೈಪುಗಳನ್ನು ಕಿತ್ತು ಹಾಕಲು ನೀರಾವರಿಯವರು ಜೀಪಿನಲ್ಲಿ ತಿರುಗತೊಡಗಿದ್ದರು. ಆ ವಾರದ ಒಂದು ಬೆಳಿಗ್ಗೆ ನಾವು ಹೋಗಿ ನೋಡಿದರೆ ದಂಡೆಯಲ್ಲಿ ಒಂದು ಪೈಪೂ ಇಲ್ಲ.

"ಏ ಮಾಸ್ತರ! ಕಾಲುವಿ ಬೋಳಾಗೈತಿ ನೋಡ್ರಿ!" ಸಾಹುಕಾರರು ಸಣ್ಣ ಹುಡುಗನಂತೆ ಹಿಗ್ಗಿದರು. "ಎಲ್ಲಾ ಕಿತ್ಕೊಂಡು ಹೋಗ್ಯಾರ. ಇವತ್ತು ಸುತ್ತು ಹಾಕೂದಿಲ್ಲ ಏನಿಲ್ಲ, ನೆಟ್ಟಗ ಹೋಗೂದು."

ಮೋಟರುಗಳ ಸದ್ದು ಅಲ್ಲಲ್ಲಿ ಕೇಳುತ್ತಿತ್ತು. ಪೈಪಿಲ್ಲದೆ ಅವು ಹೇಗೆ ಓಡುತ್ತಿವೆ ಎಂದು ನಾನು ಕೇಳಿದೆ. "ಹೊಲದಾಗ ಬೋರ್ ಇರತಾವಲ್ರಿ" ಎಂದರು. ಜೀವಮಾನವಿಡೀ ಈ ರೈತರಿಗೆ ಪೈಪು ಮಾರಿದ ಮನುಷ್ಯ, ಬೆಳೆಯ ಹೊತ್ತಿನಲ್ಲಿ ಅವರು ಪೈಪು ಕಿತ್ತಿರುತ್ತಾರೆ ಎಂದು ನಂಬಿದರು. ಅವರು ಕಿತ್ತಿರಲಿಲ್ಲ. ಕಲ್ಲು ಕಟ್ಟಿ ನೀರಿನೊಳಗೆ ಮುಳುಗಿಸಿದ್ದರು. ಏರಿಯ ಮೇಲೆ ಹಾಯುವ ಭಾಗಕ್ಕೆ ಮಣ್ಣು ಮುಚ್ಚಿದ್ದರು. ಮೋಟರುಗಳ ಮೇಲೆ ಹುಲ್ಲು ಒಟ್ಟಿದ್ದರು.

ದಿನಾ ತಿರುಗುವ ಜಾಗ ದಾಟಿ ಸಾಹುಕಾರರು ಮುಂದೆ ಹೋದರು. ನಾನು ಆ ಕಡೆ ಯಾವತ್ತೂ ಹೋದವನಲ್ಲ. ಕೆಂಪು ಟೊಪ್ಪಿಗೆ ಏರುತ್ತ ಇಳಿಯುತ್ತ ಹೋಗುತ್ತಿತ್ತು, ಕೈಗಳು ಒಂದೇ ಲಯದಲ್ಲಿ ಬೀಳುತ್ತಿದ್ದವು. ಅಷ್ಟು ಚೆನ್ನಾಗಿ ಅವರು ಈಜಿದ್ದನ್ನು ನಾನು ನೋಡಿರಲಿಲ್ಲ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಟೊಪ್ಪಿಗೆ ನಿಂತಿತು.

ನಿಂತದ್ದು ವಿಶ್ರಾಂತಿಗೆ ಎಂದುಕೊಂಡೆ. ಆಮೇಲೆ ಮುಖ ಮೇಲೆ ಬಂತು. ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಒಂದು ಕೈ ನೀರನ್ನು ಬಡಿಯಿತು. ಮತ್ತೆ ಮುಳುಗಿದರು. ನೀರಿನ ಹರಿವು ಮೈಯನ್ನು ಒಂದು ಕಡೆಗೆ ವಾಲಿಸುತ್ತಿತ್ತು, ಆದರೆ ಮೈ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಗೂಟಕ್ಕೆ ಕಟ್ಟಿದ ಹಾಗೆ. ಮತ್ತೆ ಮೇಲೆ ಬಂದಾಗ ಒಂದೇ ಮಾತು ಸಿಕ್ಕಿತು: "ಮೋಟರ್!"

ತಳದಲ್ಲಿ ಮುಳುಗಿಸಿದ್ದ ಪೈಪಿನ ಬಾಯಿ ಅವರ ತೊಡೆಯನ್ನು ಹೀರಿ ಹಿಡಿದಿತ್ತು. ಕಸ ತಡೆಯುವ ಜಾಳಿಗೆ ಆ ಬಾಯಿಗೆ ಇರಬೇಕು, ಇರಲಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ತಿಳಿದದ್ದು ಒಂದೇ. ಎಲ್ಲೋ ಓಡುತ್ತಿರುವ ಮೋಟರು ನಿಲ್ಲಬೇಕು, ಅವರ ಉಸಿರು ಮುಗಿಯುವುದರೊಳಗೆ.

ಸೀಟಿ ಊದುತ್ತ ಏರಿ ಇಳಿದು ಗದ್ದೆಗೆ ಓಡಿದೆ. ಹತ್ತಿರದಲ್ಲೇ ಗುಡುಗುಡು ಸದ್ದು. ಸಲಿಕೆ ಹಿಡಿದು ಬದುವಿನ ಮೇಲೆ ಒಬ್ಬ ರೈತ ನಿಂತಿದ್ದ, ಆಚೆ ಕೂಲಿಯ ಹೆಣ್ಣುಮಕ್ಕಳು ಬಗ್ಗಿ ಕಳೆ ಕೀಳುತ್ತಿದ್ದರು.

"ಯಾರದಿದು ಮೋಟರ್? ಬಂದ್ ಮಾಡ್ರಿ! ಬಂದ್ ಮಾಡ್ರಿ!"

ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಇಸ್ತ್ರಿ ಅಂಗಿ, ಗುರುತಿನ ಚೀಟಿ, ಸೀಟಿ. ಸಲಿಕೆ ನೆಲಕ್ಕೂರಿದ.

"ಯಾವ ಮೋಟರ್ರಿ ಸಾಹೇಬ್ರ? ನಮ್ದು ಮೋಟರ್ ಇಲ್ರಿ."

"ಓಡಾಕತ್ತೈತಲ್ಲ! ಕೇಳಸವಲ್ದೇನು?"

"ಅದು ಅಕಡಿ ಹೊಲದ ಬೋರ್ರಿ. ನಾವು ನಿನ್ನೇನ ಪೈಪ್ ಕಿತ್ತು ಮನೀಗೆ ಒಯ್ದೀವಿ. ಬೇಕಾದ್ರ ಕಾಲುವ್ಯಾಗ ಇಣಿಕಿ ನೋಡ್ರಿ, ಒಂದರ ಪೈಪ್ ಐತೇನು?"

"ಮನುಷ್ಯಾ ಸಿಕ್ಕೊಂಡಾನ! ಸಾಯಾಕತ್ತಾನ!"

"ಹಿಂಗ ಏನರ ಹೇಳಿ ಹೊರಗ ತಗಸ್ತೀರಿ. ಗೊತ್ತೈತ್ರಿ ನಮಗ."

ಹುಲ್ಲಿನ ಬಣವೆಯೊಂದು ನನ್ನ ಕಣ್ಣೆದುರಿಗೇ ನಡುಗುತ್ತಿತ್ತು. ಅದರ ಸದ್ದು ನನ್ನ ಪಾದಕ್ಕೆ ತಾಗುತ್ತಿತ್ತು. ಆ ಮನುಷ್ಯ ಅದರ ಪಕ್ಕ ನಿಂತು, ಮೋಟರು ಇಲ್ಲ ಎನ್ನುತ್ತಿದ್ದ. ಸುಳ್ಳು ಹೇಳುವವನ ಮುಖವಲ್ಲ ಅದು, ಬೆಳೆ ಉಳಿಸಿಕೊಳ್ಳುವವನ ಮುಖ. ಈಗಲೂ ಪಾಠದ ನಡುವೆ, ಬಸ್ಸಿನಲ್ಲಿ, ಊಟದ ತಟ್ಟೆಯ ಮುಂದೆ ಆ ಮುಖ ಬಂದು ನಿಲ್ಲುತ್ತದೆ. ಬೇರೆ ಏನು ಕೂಗಿದ್ದರೆ ಅವನು ನಂಬುತ್ತಿದ್ದ ಎಂದು ಹುಡುಕುತ್ತೇನೆ. ಜೀಪಿನವರು ಕೂಗುವುದೂ ಅದನ್ನೇ: ಯಾರದು ಮೋಟರ್, ಬಂದ್ ಮಾಡ್ರಿ. ನನ್ನ ಬಾಯಿಗೆ ಬೇರೆ ಮಾತು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಬಣವೆಗೆ ಕೈ ಹಾಕಿದೆ. ಅವನು ನನ್ನ ರಟ್ಟೆ ಹಿಡಿದ. ನಾವಿಬ್ಬರೂ ಹುಲ್ಲಿನಲ್ಲಿ ಜಗ್ಗಾಡುತ್ತಿರುವಾಗ, ಕಳೆ ಕೀಳುತ್ತಿದ್ದವರಲ್ಲಿ ಒಬ್ಬಾಕೆ ಗಲಾಟೆ ಏನೆಂದು ಏರಿ ಹತ್ತಿ ಕಾಲುವೆ ನೋಡಿದಳು.

"ಅಯ್ಯ ಶಿವನ! ಕೆಂಪು ಟೊಪಗಿ! ನಮ್ಮ ಪೈಪಿನ ಸಾವಕಾರ್ರು ಅದಾರೋ!"

ರೈತನ ಕೈ ನನ್ನ ರಟ್ಟೆ ಬಿಟ್ಟಿತು. ಬೇವಿನ ಗಿಡಕ್ಕೆ ನೇತುಹಾಕಿದ್ದ ಗೊಬ್ಬರದ ಚೀಲವನ್ನು ಹರಿದು, ಒಳಗಿದ್ದ ಸ್ಟಾರ್ಟರಿನ ಗುಂಡಿಗೆ ಗುದ್ದಿದ. ಸದ್ದು ನಿಂತಿತು. ಅಷ್ಟರಲ್ಲಿ ಅವನು ಏರಿ ದಾಟಿ ನೀರಿಗೆ ಹಾರಿದ್ದ.

ಸಾಹುಕಾರರ ಮೈ ಸಡಿಲಾಗಿ ಹರಿವಿನ ಜೊತೆ ಹೊರಟಿತ್ತು. ಕಾಲುವೆಯ ಸಿಮೆಂಟು ಪಾಚಿ ಹಿಡಿದು ಜಾರುತ್ತದೆ, ಹತ್ತಲು ಬರುವುದಿಲ್ಲ. ಅವನು ಅವರನ್ನು ಕಂಕುಳಲ್ಲಿ ಹಿಡಿದು ತೇಲಿಕೊಂಡೇ ಹೋದ. ಮುಂದೆ ಇನ್ಯಾರದೋ ಮುಳುಗಿಸಿದ್ದ ಪೈಪಿನ ಹಗ್ಗ ಕೈಗೆ ಸಿಕ್ಕಿತು. ಅದನ್ನು ಹಿಡಿದು ನಿಂತ. ಹೆಣ್ಣುಮಕ್ಕಳೂ ನಾನೂ ಸೇರಿ ಎಳೆದೆವು.

ಏರಿಯ ಮೇಲೆ ಮಗ್ಗುಲಾಗಿ ಮಲಗಿಸಿ ಬೆನ್ನು ಬಡಿದಾಗ ಬಹಳ ನೀರು ಕಾರಿದರು. ಕಣ್ಣು ತೆರೆದರು. ಹೊಟ್ಟೆ ಹಿಂಡುವ ಕೆಮ್ಮು. ಅದು ನಿಂತ ಮೇಲೆ ರೈತನ ಮುಖವನ್ನೇ ನೋಡಿ ಕೇಳಿದರು:

"ಜಾಳಿಗಿ ಯಾಕ ತಗದೀ?"

ಅವನು ಕೈಮುಗಿದು ಕೂತಿದ್ದ. "ಪಾಚಿ ಕಟ್ಟತೈತ್ರಿ ಸಾವಕಾರ್ರ."

"ವಾರಕ್ಕೊಮ್ಮೆ ತೊಳೀಬೇಕಪಾ. ಕೊಡೂ ಮುಂದ ಹೇಳಿರತೀನಲ್ಲ."

ಆಮೇಲೆ ಅತ್ತರು. ಅವರೂ, ಅವನೂ. ಹೆಣ್ಣುಮಕ್ಕಳು ಸೆರಗಿನಿಂದ ಅವರ ತಲೆ ಒರೆಸಿದರು. ತೋಳಿಗೆ ಕಟ್ಟಿದ ಲಿಂಗದ ಬಟ್ಟೆ ಗಟ್ಟಿಯಾಗಿಯೇ ಇತ್ತು. ಅದನ್ನು ಮುಟ್ಟಿ ನೋಡಿಕೊಂಡರು.

ಮನೆಯವರಿಗೆ ಕಾಲುವೆಯ ಮೆಟ್ಟಿಲಲ್ಲಿ ಕಾಲು ಜಾರಿತೆಂದು ಹೇಳಿದರು. ರೈತನ ಹೆಸರು ಹೊರಗೆ ಬಂದರೆ ಅವನ ಮೋಟರೂ ಹೋಗುತ್ತದೆ, ಕೇಸೂ ಆಗುತ್ತದೆ, ನೀವೂ ಹಾಗೇ ಹೇಳಿ ಎಂದು ನನ್ನಿಂದ ಮಾತು ತೆಗೆದುಕೊಂಡರು. ಒಂದೆರಡು ದಿನ ಬಿಟ್ಟು ಅವರ ಹೆಂಡತಿ ರೊಟ್ಟಿ ಕೊಡುವ ನೆವದಲ್ಲಿ ಮೇಲೆ ಬಂದರು. ನಾನು ಅವರನ್ನು ಅಕ್ಕಾರು ಎನ್ನುತ್ತಿದ್ದೆ.

"ನೀವೇನೂ ಹೇಳಬ್ಯಾಡ್ರಿ ಮಾಸ್ತರ. ನಾ ತೊಡಿ ನೋಡೀನಿ. ಬಟ್ಟಲ ಇಟ್ಟು ಬರದಂಗ ಗುಂಡಗ ಕಪ್ಪಾಗೈತಿ. ಕಾಲು ಜಾರಿದ್ರ ಹಂಗಾಗತೈತೇನು?"

ನಾನು ರೊಟ್ಟಿಯ ತಟ್ಟೆ ಇಸಿದುಕೊಂಡೆ.

"ನೀರಿನ ಹುಚ್ಚು ಬಿಡ್ರಿ ಅಂದ್ರ ನನ್ನ ಮಾತಿಗೆ ಬಿಡ್ತಾರ್ರಿ ಅವರು. ಬಿಟ್ಟು ಏನು ಮಾಡ್ತಾರ? ಗಾದಿ ಮ್ಯಾಲೆ ಕುಂದರತಾರ. ಅವತ್ತು ಇಬ್ಬರು ಹಮಾಲ್ರು ಎತ್ತಿ ನಿಂದ್ರಿಸಿದ್ರಲ್ಲ, ಆ ರಾತ್ರಿ ಇವರು ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ದು ನಾ ನೋಡೀನಿ. ಅದಕ್ಕ ಬಿಡ್ರಿ ಅನ್ನಾಕ ನನ್ನ ಬಾಯಿ ಬರವಲ್ದು. ಹೋಗ್ರಿ ಅನ್ನಾಕೂ ಬರವಲ್ದು."

ಸ್ಪರ್ಧೆ ಹತ್ತಿರವಾಗುತ್ತಿತ್ತು. ಅದಕ್ಕೆ ಮೊದಲೇ ಗೆಳೆಯರು ಸರ್ಕಲ್ಲಿನಲ್ಲಿ ದೊಡ್ಡ ಫ್ಲೆಕ್ಸು ಕಟ್ಟಿಬಿಟ್ಟಿದ್ದರು. ಯಾರದೋ ಗಟ್ಟಿ ಮೈಗೆ ಸಾಹುಕಾರರ ವಿಭೂತಿ ಮುಖ ಅಂಟಿಸಿ, 'ವಿಜಯಿಯಾಗಿ ಬನ್ನಿ' ಎಂದು ಬರೆಸಿದ್ದರು. ಸಾಹುಕಾರರು ಅಂಗಡಿಗೆ ಹೋಗುವಾಗ ಆ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಹೋಗತೊಡಗಿದರು. ಓಟ ನಡೆದಿತ್ತು, ಸೈಕಲ್ಲೂ ನಡೆದಿತ್ತು. ನೀರಿನ ಮಾತು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಒಂದು ದಿನ ಬಚ್ಚಲಿನಿಂದ ಅವರ ಕೂಗು ಕೇಳಿ ಇಳಿದು ಓಡಿದೆ. ತಲೆಯ ಮೇಲೆ ತಂಬಿಗೆ ನೀರು ಸುರಿದುಕೊಂಡಾಗ ಮೂಗಿಗೆ ನೀರು ಹೋಗಿತ್ತು, ಅಷ್ಟೇ. ಬಾಗಿಲ ಹಿಂದಿನಿಂದ, "ಏನಿಲ್ರಿ, ಹೋಗ್ರಿ" ಎಂದರು. ದನಿ ಅವರದಾಗಿರಲಿಲ್ಲ.

ಅದೇ ವಾರ ಆ ರೈತ ಅಂಗಡಿಗೆ ಬಂದ. ಬಹಳ ಹೊತ್ತು ಬಾಗಿಲಲ್ಲೇ ನಿಂತ.

"ಒಳಗ ಬಾರಪ. ವಾಷರ್ ಬೇಕೇನು?"

"ಇಲ್ರಿ. ನಾವು ದಂಡಿ ಮ್ಯಾಲಿನವ್ರು ಎಲ್ಲಾ ಕೂಡಿ ಮಾತಾಡೀವ್ರಿ. ನೀವು ಈಜಾಕ ಬರ್ರಿ ಸಾವಕಾರ್ರ. ನೀವು ಇಳದು ಮ್ಯಾಲ ಬರೂತನಕ ಒಬ್ಬನೂ ಮೋಟರ್ ಚಾಲೂ ಮಾಡೂದಿಲ್ಲ. ಪೈಪ್ ಎಲ್ಲೆಲ್ಲಿ ಅದಾವ ಅಂತ ಮಾಸ್ತರಿಗೆ ತೋರಸ್ತೀವಿ."

ಇದು ಸಣ್ಣ ಮಾತಲ್ಲ. ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟು ಅವರಿಗೆ ಸಿಗುತ್ತಿದ್ದದ್ದೇ ಬೆಳಗಿನ ಆ ಹೊತ್ತು. ತೆನೆ ಕಟ್ಟುವ ಕಾಲ. ಮೇಲಾಗಿ, ಮುಚ್ಚಿಟ್ಟ ಪೈಪಿನ ಜಾಗವನ್ನು ಗುರುತಿನ ಚೀಟಿ ಹಾಕಿಕೊಂಡ ನನಗೆ ತೋರಿಸುವುದೆಂದರೆ ತಮ್ಮ ಕುತ್ತಿಗೆಯನ್ನು ತಾವೇ ಕೊಟ್ಟಂತೆ. ಸಾಹುಕಾರರು ಕನ್ನಡಕ ತೆಗೆದು ಊದಿದರು. ಹಾಕಿಕೊಂಡರು. ಮಂಜು ಆರುವವರೆಗೆ ರೈತ ಕಾದ.

"ಬರ್ತೀನಪಾ" ಎಂದರು.

ಹೋದೆವು. ಏರಿಯ ಉದ್ದಕ್ಕೂ ತಮ್ಮ ತಮ್ಮ ಹೊಲದ ಎದುರಿಗೆ ಜನ ನಿಂತಿದ್ದರು. ಪೈಪು ಮುಳುಗಿಸಿದ ಒಂದೊಂದು ಕಡೆಯೂ ದಂಡೆಯ ಮೇಲೆ ಕೋಲು ನೆಟ್ಟು ಬಟ್ಟೆಯ ಚೂರು ಕಟ್ಟಿದ್ದರು. ಅವತ್ತು ಕಿರುಚಿದ ಹೆಣ್ಣುಮಗಳೂ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಯಾರೂ ತಮಾಷೆ ಮಾಡಲಿಲ್ಲ. ಅಷ್ಟು ದಿನ ಆ ದಂಡೆಗೆ ಹೋದರೂ ನಾನು ಅಂಥ ಮೌನ ಕೇಳಿರಲಿಲ್ಲ. ನೀರು ಸಿಮೆಂಟಿಗೆ ತಾಗುವ ಸದ್ದು, ಬೆಳ್ಳಕ್ಕಿಯ ರೆಕ್ಕೆ, ದೂರದ ರಸ್ತೆಯಲ್ಲಿ ಬಸ್ಸು.

ಸಾಹುಕಾರರು ಲಿಂಗವನ್ನು ತೋಳಿಗೆ ಕಟ್ಟಿಕೊಂಡರು. ಟೊಪ್ಪಿಗೆ ಹಾಕಿಕೊಂಡರು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು. ಪಾದ ಮುಳುಗಿತು. ನಿಂತರು.

"ಮಾಸ್ತರ, ಒಂದು ಓಡಾಕತ್ತೈತಿ."

ನಾನು ಕಿವಿಗೊಟ್ಟೆ. ಏನೂ ಇರಲಿಲ್ಲ. "ಇಲ್ರಿ ಸಾವಕಾರ್ರ. ಎಲ್ಲಾ ಬಂದ್ ಅದಾವ."

"ಓಡಾಕತ್ತೈತ್ರಿ. ಬಂದ್ ಮಾಡಸ್ರಿ."

ನಾನು ಏರಿಯ ಮೇಲಿನವರ ಕಡೆ ನೋಡಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ರೈತ ತಡಮಾಡದೆ ತನ್ನ ಹೊಲದ ಕಡೆ ಇಳಿದು, ಬೇವಿನ ಗಿಡದವರೆಗೆ ಓಡಿ, ನಿಂತೇ ಇದ್ದ ಮೋಟರಿನ ಗುಂಡಿಯನ್ನು ಒತ್ತಿ, ವಾಪಸು ಓಡಿ ಬಂದ.

"ನಂದ ಇತ್ರಿ, ಮರತಿದ್ದೆ. ಬಂದ್ ಮಾಡೀನ್ರಿ ಈಗ."

ಸಾಹುಕಾರರು ತಲೆ ವಾಲಿಸಿ ಕೇಳಿಸಿಕೊಂಡರು.

"ಇಲ್ಲ. ಇನ್ನೂ ಐತಿ."

"ಎಲ್ಲಿ ಐತ್ರಿ?"

"ಅಲ್ಲೇ. ಹತ್ತರಾನ ಐತಿ."

ಕಾದೆವು. ಅವರು ಮುಂದಕ್ಕೂ ಇಳಿಯಲಿಲ್ಲ, ಹಿಂದಕ್ಕೂ ಬರಲಿಲ್ಲ. ಬಿಸಿಲು ಏರಿತು. ಕರೆಂಟಿನ ಹೊತ್ತು ಕಳೆಯುತ್ತಿದೆ ಎಂದು ಏರಿಯ ಮೇಲೆ ನಿಂತ ಪ್ರತಿಯೊಬ್ಬರಿಗೂ ಗೊತ್ತಿತ್ತು, ಯಾರೂ ಹೇಳಲಿಲ್ಲ. ಸಾಹುಕಾರರು ಮೆಲ್ಲಗೆ ಮೆಟ್ಟಿಲ ಮೇಲೆ ಕೂತರು, ಪಾದ ನೀರಲ್ಲೇ ಇತ್ತು. ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಹಾಗೆ ಕೂತವರನ್ನು ಬಹಳ ಹೊತ್ತು ನೋಡಿ, ಜನ ಒಬ್ಬೊಬ್ಬರಾಗಿ, ಚಪ್ಪಲಿಯ ಸದ್ದೂ ಆಗದ ಹಾಗೆ, ಹೊಲಗಳಿಗೆ ಇಳಿದುಹೋದರು.

ಮೊದಲು ಎಲ್ಲೋ ದೂರದಲ್ಲಿ ಒಂದು ಮೋಟರು ಚಾಲೂ ಆಯಿತು. ಆಮೇಲೆ ಅದರ ಈಚೆಗೆ ಒಂದು. ಆಮೇಲೆ ನಮ್ಮ ಬೆನ್ನ ಹಿಂದೆಯೇ.

ಸಾಹುಕಾರರು ತಲೆ ಎತ್ತಿ ನನ್ನನ್ನು ನೋಡಿದರು. ಎಷ್ಟೋ ದಿನಗಳ ಮೇಲೆ ಅವರ ಮುಖದ ಬಿಗಿ ಸಡಿಲಾಗಿತ್ತು.

"ಕೇಳಾಕತ್ತಾವಲ್ರಿ ಮಾಸ್ತರ? ನಾ ಹೇಳಿದ್ದಿಲ್ಲೇನು?"

"ಹೌದ್ರಿ" ಎಂದೆ.

ನನ್ನ ಕೈಯಿಂದ ಚಪ್ಪಲಿ ಇಸಿದುಕೊಂಡು ಹಾಕಿಕೊಂಡರು. ಒದ್ದೆಯಾಗದ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಏರಿ ಹತ್ತಿದರು.